ಮಕ್ಕಳ ಖರ್ಚು, ಹೆತ್ತವರ ಅಂದಾಜು

ಮುಂಬಯಿಯ ಕನ್ನಡದ ಮನೆಗಳಲ್ಲಿ ಹಣದ ವಿಚಾರ ಬಂದಾಗ ಹೆತ್ತವರ ಬಾಯಿಂದ ಒಂದಲ್ಲ ಒಂದು ಹೊತ್ತಿನಲ್ಲಿ ಹೊರಡುವ ಮಾತೊಂದಿದೆ: "ಅವನ ಕೈಗೆ ದುಡ್ಡು ಸಿಕ್ಕಿದರೆ ಏನು ಮಾಡುತ್ತಾನೆ ಅಂತ ನನಗೆ ಗೊತ್ತಿಲ್ಲವಾ?" ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನೌಕರಿ ಮುಗಿಸಿದ ನಾನು ಇದನ್ನು ಕನ್ನಡ, ತುಳು, ಕೊಂಕಣಿ, ಮರಾಠಿ ಎಲ್ಲದರಲ್ಲೂ ಕೇಳಿದ್ದೇನೆ. ಕೇಳುತ್ತ ಕೇಳುತ್ತ ನನ್ನಲ್ಲಿ ಒಂದು ಅನುಮಾನ ಬಲಿಯಿತು. ಮಕ್ಕಳು ಚಿಕ್ಕವರಿರುವಾಗ ಅವರ ಖರ್ಚಿನ ಬಗ್ಗೆ ನಮ್ಮ ಊಹೆ ಸರಿಯಾಗುವುದಕ್ಕೆ ನಾವು ಅವರ ಮನಸ್ಸನ್ನು ಬಲ್ಲೆವು ಎಂಬುದಕ್ಕಿಂತ, ಆ ಖರ್ಚಿನ ಸುತ್ತ ಬೇಲಿ ಹಾಕಿದವರು ನಾವೇ ಎಂಬುದೇ ಹೆಚ್ಚಿನ ಕಾರಣವಿರಬೇಕು. ಬೇಲಿ ತೆಗೆದ ದಿನದಿಂದ ಊಹೆಗಳು ಒಂದೊಂದಾಗಿ ಸುಳ್ಳಾಗತೊಡಗುತ್ತವೆ. ಆದರೆ ಬಲ್ಲೆವೆಂಬ ನಂಬಿಕೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ.

ಏಳನೆಯ ತರಗತಿಯ ಹುಡುಗನಿಗೆ ಇಪ್ಪತ್ತು ರೂಪಾಯಿ ಕೊಟ್ಟು ಕಳಿಸಿದರೆ, ಸಣ್ಣ ರಜೆಯ ಹೊತ್ತಿನಲ್ಲಿ ಗೇಟಿನ ಹೊರಗೆ ಸಿಗುವುದು ವಡಾಪಾವ್, ಬರ್ಫದ ಗೋಲಾ, ಇಲ್ಲವೇ ಹತ್ತು ರೂಪಾಯಿಯ ಪೆನ್ನು ಎಂದಿರುವಾಗ, ಅವನು ಏನು ತೆಗೆದುಕೊಳ್ಳುತ್ತಾನೆಂದು ಹೇಳಲು ತಾಯಿಯೇ ಆಗಬೇಕೆಂದಿಲ್ಲ. ಶಾಲೆಯ ಕಾವಲುಗಾರನೂ ಹೇಳಬಲ್ಲ. ಆದರೂ ಹೀಗೆ ಹತ್ತು ವರ್ಷ ನಡೆದ ಮೇಲೆ ತಾಯಿಯ ಮನಸ್ಸಿನಲ್ಲಿ ಒಂದು ಖಾತೆ ಪುಸ್ತಕ ತಯಾರಾಗಿರುತ್ತದೆ: ದೊಡ್ಡವನು ದುಂದುಗಾರ, ಚಿಕ್ಕವಳು ಜಾಣೆ, ಇವನ ಕೈಯಲ್ಲಿ ನಿಲ್ಲುವುದಿಲ್ಲ, ಅವಳ ಕೈಯಿಂದ ಬಿಡುವುದಿಲ್ಲ. ಆಮೇಲೆ ಮಕ್ಕಳು ಎಷ್ಟು ಬದಲಾದರೂ ಆ ಪುಸ್ತಕದ ನಮೂದುಗಳನ್ನು ತಿದ್ದುವವರು ವಿರಳ.

ಬ್ಯಾಂಕಿನಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತಿದ್ದ ಒಂದು ಸಂದರ್ಭವಿದೆ. ಅಪ್ರಾಪ್ತ ವಯಸ್ಸಿನ ಮಕ್ಕಳ ಹೆಸರಿನಲ್ಲಿ ತಂದೆಯೋ ತಾಯಿಯೋ ಪಾಲಕರಾಗಿ ತೆರೆದ ಉಳಿತಾಯ ಖಾತೆ, ಮಗುವಿಗೆ ಹದಿನೆಂಟು ತುಂಬಿದ ಕೂಡಲೇ ಪಾಲಕರ ಕೈ ತಪ್ಪುತ್ತದೆ. ಮಗ ಅಥವಾ ಮಗಳು ಖುದ್ದಾಗಿ ಬಂದು ಗುರುತಿನ ದಾಖಲೆ ಕೊಡಬೇಕು, ಹೊಸದಾಗಿ ಮಾದರಿ ಸಹಿ ಹಾಕಬೇಕು. ಬರುವಾಗ ಇಬ್ಬರೂ ಬರುತ್ತಾರೆ. ಕುರ್ಚಿಯಲ್ಲಿ ಕೂರುವವರು ತಂದೆ, ಅವರ ಹಿಂದೆ ನಿಲ್ಲುವವಳು ಖಾತೆಯ ಒಡತಿ. "ಡೆಬಿಟ್ ಕಾರ್ಡು ಬೇಕೇ?" ಎಂದು ನಾನು ಅವಳ ಮುಖ ನೋಡಿ ಕೇಳಿದರೆ, "ಬೇಡ ಮೇಡಂ, ಅವಳು ಎಲ್ಲಿ ಖರ್ಚು ಮಾಡುತ್ತಾಳೆ, ಎಲ್ಲ ಎಫ್‌ಡಿಯಲ್ಲೇ ಇರಲಿ" ಎಂದು ತಂದೆಯೇ ಉತ್ತರಿಸುತ್ತಾರೆ. ಹುಡುಗಿ ನಾಲಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು, ಪ್ಯಾನ್ ಕಾರ್ಡಿನ ಮೇಲಿನ ಸಹಿಯನ್ನು ಒಂದು ಕಣ್ಣಿನಲ್ಲಿ ನೋಡುತ್ತ, ಚೌಕದ ಗೆರೆ ದಾಟದಂತೆ ತನ್ನ ಹೆಸರು ಬರೆಯುತ್ತಾಳೆ. ಮುಂದಿನ ವಾರವೋ ಮುಂದಿನ ತಿಂಗಳೋ ಅವಳು ಒಬ್ಬಳೇ ಬರುತ್ತಾಳೆ. ಕಾರ್ಡಿಗೆ ಅರ್ಜಿ ಕೊಡುತ್ತಾಳೆ, ಮೊಬೈಲ್ ನಂಬರ್ ಬದಲಾಯಿಸುತ್ತಾಳೆ. ತಂದೆಯ ಫೋನಿಗೆ ಹೋಗುತ್ತಿದ್ದ ಸಂದೇಶ ಅಂದಿಗೆ ನಿಲ್ಲುತ್ತದೆ. ಅವಳು ಹಣವನ್ನು ಹಾಳು ಮಾಡುತ್ತಿದ್ದಳೆಂದು ನಾನು ಹೇಳುತ್ತಿಲ್ಲ. ಡ್ರೈವಿಂಗ್ ಕ್ಲಾಸಿನ ಫೀ, ಹಾಸ್ಟೆಲ್ ಗೆಳತಿಯ ಸಾಲ, ಒಂದು ಜೊತೆ ಒಳ್ಳೆಯ ಬೂಟು, ಇಂಥವೇ ಇರುತ್ತಿದ್ದವು. ಆದರೆ ತಂದೆ ಕುರ್ಚಿಯಲ್ಲಿ ಕುಳಿತು ಹೇಳಿದ್ದರಲ್ಲಿ ಅದು ಯಾವುದೂ ಇರಲಿಲ್ಲ.

ಇದಕ್ಕಿಂತ ಹತ್ತಿರದಿಂದ ನೋಡುವ ಅವಕಾಶ 2024ರ ಚೌತಿಯ ದಿನ ಒದಗಿತು. ಡೊಂಬಿವಲಿಯ ನನ್ನ ಗೆಳತಿಯ ಮನೆಯಲ್ಲಿ ಗಣಪತಿ ಇಡುತ್ತಾರೆ. ಊರಿನಿಂದ ಅವಳ ಅತ್ತೆಯೂ ಬಂದಿದ್ದರು. ಕುಂದಾಪುರದ ಕಡೆ ಇದ್ದ ಒಂದು ತುಂಡು ಜಾಗ ಮಾರಿದ ಹಣದಲ್ಲಿ ಆ ಅಜ್ಜಿ ಪ್ರತಿಯೊಬ್ಬ ಮೊಮ್ಮಗುವಿಗೂ ಹತ್ತು ಸಾವಿರ ರೂಪಾಯಿಯ ಲಕೋಟೆ ಕೊಟ್ಟರು, "ಯಾರಿಗೂ ಲೆಕ್ಕ ಕೊಡುವುದು ಬೇಡ" ಎಂಬ ಒಂದೇ ಷರತ್ತಿನೊಂದಿಗೆ. ಮಕ್ಕಳು ಮಂಟಪದ ಮುಂದೆ ಫೋಟೋ ತೆಗೆಯುವುದರಲ್ಲಿ ಮುಳುಗಿರುವಾಗ, ಒಳಗೆ ದೊಡ್ಡವರೆಲ್ಲ ಸೇರಿ ಯಾರು ಏನು ಮಾಡುತ್ತಾರೆಂದು ಚೀಟಿ ಬರೆದರು. ಸಲಹೆ ನನ್ನದು. ತಿಂಗಳು ಕಳೆದ ಮೇಲೆ ಮಕ್ಕಳಿಂದ ತಿಳಿದುಕೊಂಡು ತಾಳೆ ನೋಡುವುದೆಂದು ಗೊತ್ತುಮಾಡಿಕೊಂಡೆವು. ಅಜ್ಜಿಯ ಷರತ್ತನ್ನು ಮುರಿಯದಂತೆ, ಹೇಳಲು ಮನಸ್ಸಿದ್ದವರು ಮಾತ್ರ ಹೇಳಲಿ ಎಂದಾಯಿತು. ಎಲ್ಲರೂ ಹೇಳಿದರು; ದೊಡ್ಡವರು ಏನು ಬರೆದಿದ್ದಾರೆಂದು ನೋಡುವ ಕುತೂಹಲ ಅವರಿಗೂ ಇತ್ತು.

ಹತ್ತನೆಯ ತರಗತಿಯವನ ವಿಷಯದಲ್ಲಿ ಊಹೆ ಅಕ್ಷರಶಃ ನಿಜವಾಯಿತು: ಕ್ರಿಕೆಟ್ ಬ್ಯಾಟು, ಉಳಿದದ್ದು ತಿಂಡಿ. ತಂದೆಗೆ ಬಹಳ ಹೆಮ್ಮೆ. ಆದರೆ ಲಕೋಟೆಯನ್ನು ಅಂದೇ ರಾತ್ರಿ ತೆಗೆದಿಟ್ಟವರು, ಬ್ಯಾಟು ಕೊಡಿಸಲು ಅಂಗಡಿಗೆ ಕರೆದುಕೊಂಡು ಹೋದವರು, ಉಳಿದದ್ದನ್ನು ವಾರಕ್ಕೆ ಇಷ್ಟೆಂದು ಕೊಟ್ಟವರು ಆ ತಂದೆಯೇ. ತಾನೇ ಬರೆದ ನಾಟಕದ ಕೊನೆಯ ಅಂಕವನ್ನು ಮೊದಲೇ ಹೇಳಿದಂತಾಯಿತು ಅದು.

ಗೆಳತಿಯ ಮಗ ಐರೋಳಿಯಲ್ಲಿ ಕೆಲಸ ಮಾಡುತ್ತಾನೆ. ಮನೆಯಲ್ಲಿ ಎಲ್ಲರ ಲೆಕ್ಕದಲ್ಲೂ ಅವನು ದುಂದುಗಾರ. ತಾಯಿ ಬರೆದದ್ದು "ಬೂಟು", ತಂದೆ ಬರೆದದ್ದು "ಬೂಟು ಅಥವಾ ಹೆಡ್‌ಫೋನ್". ಅವನು ಮೊದಲು ಮಾಡಿದ್ದು ಲೋನಾವಳದ ಪ್ರವಾಸದಿಂದ ಬಾಕಿಯಿದ್ದ ಕಾಂಟ್ರಿ ತೀರಿಸಿದ್ದು. ಮುಂಬಯಿಯ ಹುಡುಗರ ಬದುಕಿನಲ್ಲಿ ಈ ಕಾಂಟ್ರಿಯ ಸ್ಥಾನ ಹೆತ್ತವರಿಗೆ ಅಷ್ಟಾಗಿ ತಿಳಿಯದು. ಒಬ್ಬ ಕೊಟ್ಟಿರುತ್ತಾನೆ, ಉಳಿದವರು ತಮ್ಮ ಪಾಲನ್ನು ಅವನಿಗೆ ಕಳಿಸಬೇಕು; ತಡವಾದರೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಮುಂದಿನ ಸಲ ಕರೆಯುವಾಗ ಯೋಚಿಸುತ್ತಾರೆ. ನಮ್ಮ ಊರಿನ ಮದುವೆಗಳಲ್ಲಿ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಮರಳಿಸುತ್ತಿದ್ದ ಮರ್ಯಾದೆಯೇ ಇದರಲ್ಲೂ ಇದೆ. ಉಳಿದ ಹಣವನ್ನು ಅವನು ಮ್ಯೂಚುವಲ್ ಫಂಡಿಗೆ ಹಾಕಿದ್ದ. ವರ್ಷದಿಂದ ತಿಂಗಳಿಗೆ ಐನೂರು ರೂಪಾಯಿಯ ಎಸ್‌ಐಪಿ ನಡೆಸುತ್ತಿದ್ದನಂತೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಏಕೆ ಹೇಳಲಿಲ್ಲವೆಂದು ಕೇಳಿದರೆ, "ಹೇಳಿದ್ದರೆ ಐನೂರು ಏಕೆ, ಐದು ಸಾವಿರ ಹಾಕು ಅನ್ನುತ್ತಿದ್ದಿರಿ" ಎಂದ.

ಮಗಳ ಕಥೆ ಇನ್ನೂ ಸ್ವಾರಸ್ಯ. ಆಕೆ ಫಿಸಿಯೊಥೆರಪಿ ಓದುವವಳು. ಫ್ಯಾಶನ್ ಸ್ಟ್ರೀಟಿನಲ್ಲಿ ಒಂದು ಕುರ್ತಿಗೆ ಐವತ್ತು ರೂಪಾಯಿ ಇಳಿಸಲು ಎರಡು ಸಲ ಎದ್ದುಹೋಗಿ ಮತ್ತೆ ಬರುವ ತಾಳ್ಮೆಯವಳು. ಹೆತ್ತವರಿಬ್ಬರೂ ಒಂದೇ ಮಾತು ಬರೆದಿದ್ದರು: "ಮುಟ್ಟುವುದಿಲ್ಲ". ಆ ತಿಂಗಳ ಕೊನೆಯ ಭಾಗದಲ್ಲಿ, ಮುಂದಿನ ಜನವರಿಯಲ್ಲಿ ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆಯಲಿದ್ದ, ಕೋಲ್ಡ್‌ಪ್ಲೇ ಎಂಬ ಬ್ರಿಟಿಷ್ ಬ್ಯಾಂಡಿನ ಸಂಗೀತ ಕಾರ್ಯಕ್ರಮದ ಟಿಕೆಟುಗಳು ಮಾರಾಟಕ್ಕೆ ಬಂದವು. ಲಕೋಟೆಯ ಬಹುಪಾಲು ಒಂದೇ ಸಂಜೆಗೆಂದು ಹೋಯಿತು. ತಾಯಿಗೆ ಇದು ನಂಬಲಾಗದ ಸಂಗತಿ; ನನಗೆ ಮಾತ್ರ ಆ ಕುರ್ತಿಯ ಚೌಕಾಸಿಯಲ್ಲೇ ಇದರ ಸುಳಿವಿತ್ತೆಂದು ತೋರಿತು. ಸಣ್ಣದರಲ್ಲಿ ಬಿಗಿ ಹಿಡಿಯುವವರು ಎಲ್ಲದರಲ್ಲೂ ಬಿಗಿಯಾಗಿರುತ್ತಾರೆಂದು ನಾವು ಲೆಕ್ಕ ಹಾಕುತ್ತೇವೆ. ತನಗೆ ಬೇಕಾದ ಒಂದಕ್ಕಾಗಿ ಬೇಡದ ನೂರನ್ನು ಬಿಗಿಹಿಡಿಯುವವರೂ ಇರುತ್ತಾರೆ, ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ತರಹ ಕಾಣುತ್ತಾರೆ. ಯಾವುದು ಆ ಒಂದು ಎಂಬುದು ಗೊತ್ತಿದ್ದದ್ದು ಮನೆಯಲ್ಲಿ ಚಿಕ್ಕಪ್ಪನ ಮಗಳಿಗೆ ಮಾತ್ರ. ಇಬ್ಬರೂ ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗಿ ಒಂದೇ ಇಯರ್‌ಫೋನಿನಲ್ಲಿ ಹಾಡು ಕೇಳುವವರು.

ಒಂದು ಮನೆಯ ಚೀಟಿಗಳಿಂದ ಸಿದ್ಧಾಂತ ಕಟ್ಟುವುದು ಸಲ್ಲದು. ಆದರೆ ಹತ್ತಿರದವರು ಒಬ್ಬರ ಇಷ್ಟವನ್ನು ಇನ್ನೊಬ್ಬರು ಎಷ್ಟು ಊಹಿಸಬಲ್ಲರು ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಬಹಳ ಕಾಲದಿಂದ ಅಳೆಯುತ್ತ ಬಂದಿದ್ದಾರೆ. ಜೋಯಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞ 1993ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಅವರಿಗೆ ಕ್ರಿಸ್‌ಮಸ್‌ನಲ್ಲಿ ಬಂದ ಉಡುಗೊರೆಗಳ ಬೆಲೆಯ ಬಗ್ಗೆ ಕೇಳಿದ. ಉಡುಗೊರೆ ಕೊಟ್ಟವರು ತೆತ್ತ ಹಣಕ್ಕೂ ಪಡೆದವರ ಕಣ್ಣಿನಲ್ಲಿ ಅದರ ಬೆಲೆಗೂ ನಡುವೆ ಶೇಕಡಾ 10ರಿಂದ ಮೂರನೆಯ ಒಂದು ಭಾಗದವರೆಗೂ ನಷ್ಟ ಕಂಡುಬಂತು. ಗೆಳೆಯರು ಮತ್ತು ಪ್ರೇಮಿಗಳು ಕೊಟ್ಟದ್ದರಲ್ಲಿ ನಷ್ಟ ಅತಿ ಕಡಿಮೆ. ದೂರದ ಬಂಧುಗಳು ಕೊಟ್ಟ ವಸ್ತುಗಳಲ್ಲಿ ಅತಿ ಹೆಚ್ಚು. ಒಂದೇ ಇಯರ್‌ಫೋನಿನಲ್ಲಿ ಹಾಡು ಕೇಳುವವರ ಕಡೆಗೇ ಅಲ್ಲಿಯೂ ತಕ್ಕಡಿ ವಾಲುತ್ತದೆ. ಆ ಲೆಕ್ಕದಲ್ಲಿ ಲಕೋಟೆಯಲ್ಲಿ ನೋಟು ಇಟ್ಟು, ಅದರ ಜೊತೆಗೆ ಒಂದು ರೂಪಾಯಿಯ ನಾಣ್ಯ ಸೇರಿಸಿ ಕೊಡುವ ನಮ್ಮ ಹಿರಿಯರು ಜಾಣರೆನ್ನಬೇಕು. ಕುಂದಾಪುರದ ಅಜ್ಜಿಗೆ ಮೊಮ್ಮಕ್ಕಳ ಇಷ್ಟ ಏನೂ ತಿಳಿದಿರಲಿಲ್ಲ, ತಿಳಿದಿದೆಯೆಂಬ ಭ್ರಮೆಯೂ ಇರಲಿಲ್ಲ. ಆ ಹಣದಲ್ಲಿ ಒಂದು ಪೈಸೆಯೂ ವ್ಯರ್ಥವಾಗಲಿಲ್ಲ.

ಬಲ್ಲೆವೆಂಬ ಭ್ರಮೆಯ ಬಗ್ಗೆಯೂ ಅಧ್ಯಯನಗಳಿವೆ, ಅವು ಹೆಚ್ಚಾಗಿ ಗಂಡ-ಹೆಂಡಿರನ್ನು, ಪ್ರೇಮಿಗಳನ್ನು ಕುರಿತವು. ಸಂಗಾತಿಗೆ ಯಾವ ಹೊಸ ವಸ್ತು ಇಷ್ಟವಾದೀತೆಂದು ಹೇಳುವಾಗ ಜನ ಮೊದಲು ತಮ್ಮ ಇಷ್ಟವನ್ನೇ ಹಿಡಿದುಕೊಂಡು, ಅದನ್ನು ಸ್ವಲ್ಪ ಅತ್ತಿತ್ತ ಸರಿಸುತ್ತಾರೆಂದು 1986ರ ಒಂದು ಅಧ್ಯಯನ ತೋರಿಸಿತು. ಸ್ವಾನ್ ಮತ್ತು ಗಿಲ್ ಎಂಬ ಮನಶ್ಶಾಸ್ತ್ರಜ್ಞರು 1997ರಲ್ಲಿ ಹೇಳಿದ್ದು ಇನ್ನೂ ನೇರ: ಸಂಬಂಧ ಹಳೆಯದಾದಂತೆ ಇವರನ್ನು ಬಲ್ಲೆನೆಂಬ ಆತ್ಮವಿಶ್ವಾಸ ಏರುತ್ತದೆ, ಊಹೆಯ ನಿಖರತೆ ಅದರ ಜೊತೆ ಏರುವುದಿಲ್ಲ. 2006ರಲ್ಲಿ ಲೆರೂಜ್ ಮತ್ತು ವಾರ್ಲಾಪ್ ಎಂಬ ಸಂಶೋಧಕರು ಇದಕ್ಕೆ ಕಾರಣವನ್ನೂ ಹುಡುಕಿದರು. ಪರಿಚಿತರ ವಿಷಯದಲ್ಲಿ ನಾವು ಮನಸ್ಸಿನಲ್ಲಿ ಮೊದಲೇ ಕೂಡಿಟ್ಟ ಮಾಹಿತಿಯ ಮೇಲೆ ಅತಿಯಾಗಿ ಭಾರ ಹಾಕಿ, ಊಹೆ ತಪ್ಪಿತೆಂದು ಕಣ್ಣೆದುರೇ ಸಿಗುವ ಸೂಚನೆಗಳನ್ನು ಗಮನಿಸದೆ ಹೋಗುತ್ತೇವೆ. ಇಪ್ಪತ್ತು ವರ್ಷದ ಸಂಗಾತಿಗೇ ಹೀಗಾದರೆ, ತಾವೇ ಹಾಲೂಡಿಸಿ ಬೆಳೆಸಿದ ಮಕ್ಕಳ ವಿಷಯದಲ್ಲಿ ಕೂಡಿಟ್ಟ ಮಾಹಿತಿಯ ಭಾರ ಎಷ್ಟಿರಬೇಡ!

ಈ ಭಾರಕ್ಕೆ ನಮ್ಮಲ್ಲಿ ಗಾದೆಯ ಬೆಂಬಲವೂ ಇದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಹೇಳಿ, ಆರು ವರ್ಷದ ಮಗು ಚಾಕಲೇಟನ್ನು ನಾಳೆಗೆ ಉಳಿಸಿದ್ದನ್ನು ಕಂಡು ಮೂವತ್ತರ ಗೃಹಸ್ಥನನ್ನು ಕಲ್ಪಿಸಿಕೊಳ್ಳುತ್ತೇವೆ. ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ನಡೆಸಿದ ಮಾರ್ಷ್‌ಮ್ಯಾಲೋ ಪ್ರಯೋಗವೂ ಬಹಳ ಕಾಲ ಇದನ್ನೇ ಸಾರುವಂತೆ ಕಂಡಿತ್ತು: ತಿಂಡಿಯನ್ನು ಮುಂದಿಟ್ಟುಕೊಂಡು, ಕಾದರೆ ಇನ್ನೊಂದು ಸಿಗುತ್ತದೆಂದು ಕಾದ ಮಕ್ಕಳು ಮುಂದೆಯೂ ಮುಂದೆ ಬರುತ್ತಾರೆಂದು. 2018ರಲ್ಲಿ ವಾಟ್ಸ್ ಎಂಬ ಸಂಶೋಧಕ ಮತ್ತು ಸಂಗಡಿಗರು ಹೆಚ್ಚು ಮಕ್ಕಳ ಮಾಹಿತಿಯನ್ನು ಹಿಡಿದು ನೋಡಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ನಂಟು ಬಹಳಷ್ಟು ಸಣ್ಣದಾಯಿತು. ಕಾಯುವುದು ಮಗುವಿನ ಗುಣವೆಂದು ತಿಳಿದದ್ದರಲ್ಲಿ ಒಂದು ದೊಡ್ಡ ಪಾಲು ಮನೆಯದ್ದಾಗಿತ್ತು.

ಈಗಿನವರ ಮಾತು ಹಾಗಿರಲಿ. ಕರಾವಳಿಯಿಂದ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮುಂಬಯಿಗೆ ಬಂದು ಉಡುಪಿ ಹೋಟೆಲುಗಳಲ್ಲಿ ದುಡಿದ ನಮ್ಮ ಹಿಂದಿನ ತಲೆಮಾರಿನ ಹುಡುಗರ ಹೆತ್ತವರು, ಮಗನ ಖರ್ಚನ್ನು ನೋಡುವ ಯಾವ ದಾರಿಯೂ ಇಲ್ಲದೆ, ಅವನ ಬಗ್ಗೆ ಅತ್ಯಂತ ಖಚಿತವಾಗಿ ಮಾತನಾಡುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದು ಮನಿಯಾರ್ಡರ್ ಮಾತ್ರ. ಅಂಚೆಯಣ್ಣ ಹಣ ಎಣಿಸಿ ಕೊಟ್ಟು, ಫಾರಮಿನ ತುದಿಯ ಕೂಪನ್ನಿನಲ್ಲಿ ಮಗ ಬರೆದ ಎರಡು ಸಾಲುಗಳನ್ನು ಓದಿ ಹೇಳುತ್ತಿದ್ದ: ನಾನು ಕ್ಷೇಮ, ತಂಗಿಯ ಶಾಲೆಗೆ ಇಷ್ಟು, ಅಂಗಡಿಯ ಬಾಕಿಗೆ ಇಷ್ಟು. ಅದರ ಮೇಲೆ "ನಮ್ಮ ಹುಡುಗ ಒಂದು ಕಾಸು ಪೋಲು ಮಾಡುವವನಲ್ಲ" ಎಂದು ಊರಿಗೆಲ್ಲ ಹೇಳಿಕೊಳ್ಳುತ್ತಿದ್ದರು, ಹೆಚ್ಚಿನ ಪಾಲು ಅದು ನಿಜವೂ ಆಗಿತ್ತು. ಊಟ ಹೋಟೆಲಿನಲ್ಲಿ, ಮಲಗುವುದು ಅದೇ ಹೋಟೆಲಿನ ಅಟ್ಟದಲ್ಲಿ, ಸಂಜೆಯ ಬಿಡುವು ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ. ಎಷ್ಟೋ ಕಡೆ ಸಂಬಳವೂ ಧಣಿಯ ಪುಸ್ತಕದಲ್ಲೇ ಜಮೆಯಾಗಿ, ಊರಿಗೆ ಹೊರಡುವ ಹಿಂದಿನ ದಿನ ಕೈಗೆ ಬರುತ್ತಿತ್ತು. ಬೇಲಿಯನ್ನು ಹೆತ್ತವರ ಬದಲಿಗೆ ಮುಂಬಯಿಯೇ ಹಾಕಿತ್ತು. ನಮ್ಮ ಸೀಮೆಯ ಬ್ಯಾಂಕುಗಳೂ ಈ ಮರ್ಮವನ್ನು ಚೆನ್ನಾಗಿ ಅರಿತಿದ್ದವು. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಿಂದ ಮನೆಬಾಗಿಲಲ್ಲೇ ಹಣ ಸಂಗ್ರಹಿಸತೊಡಗಿತು. ಜನ ಉಳಿಸುತ್ತಾರೋ ಖರ್ಚು ಮಾಡುತ್ತಾರೋ ಎಂದು ಊಹಿಸುತ್ತ ಕೂರುವ ಬದಲು, ಖರ್ಚಾಗುವ ಮೊದಲೇ ಏಜೆಂಟನನ್ನು ಕಳಿಸುವ ಏರ್ಪಾಡು ಅದು.

ಈಗ ಕಾಲ ತಿರುಗಿ, ಹೆತ್ತವರಿಗೆ ಮಕ್ಕಳ ಪ್ರತಿಯೊಂದು ಖರ್ಚನ್ನೂ ನೋಡುವ ಸೌಲಭ್ಯ ಬಂದಿದೆ. 2024ರಲ್ಲಿ ಬಂದ ಯುಪಿಐ ಸರ್ಕಲ್‌ನಲ್ಲಿ, ಹೆತ್ತವರು ತಮ್ಮ ಖಾತೆಯಿಂದಲೇ ಮಕ್ಕಳು ಪಾವತಿ ಮಾಡುವಂತೆ ಅನುಮತಿ ಕೊಡಬಹುದು: ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000 ರೂಪಾಯಿಯ ಮಿತಿ ಹಾಕಿ ಬಿಟ್ಟುಬಿಡಬಹುದು, ಇಲ್ಲವೇ ಪ್ರತಿ ಪಾವತಿಗೂ ತಾವೇ ಒಪ್ಪಿಗೆ ಒತ್ತುವಂತೆ ಇಟ್ಟುಕೊಳ್ಳಬಹುದು. ಇತ್ತ ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯಂತೆ, ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕು ನಿಗದಿಪಡಿಸಿದ ಮಿತಿಯೊಳಗೆ ತಮ್ಮ ಖಾತೆಯನ್ನು ತಾವೇ ನಡೆಸಬಹುದು. ಒಂದು ಕೈ ಹಗ್ಗ ಸಡಿಲಿಸಿದರೆ ಇನ್ನೊಂದು ಕೈ ಗಂಟೆ ಕಟ್ಟುತ್ತಿದೆ.

ಗಂಟೆಯ ಸದ್ದು ಕೇಳಿದರೆ ಹೆತ್ತವರ ಚಿಂತೆ ಇಳಿಯುತ್ತದೆ ಎಂಬುದು ನಿಜವೇ. ಬರ್ಸ್ಟಿನ್ ಮತ್ತು ಕಾಫ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಬ್ರೆಜಿಲಿನ ಬಡ ಕುಟುಂಬಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಷರತ್ತಿಲ್ಲದ ಹೆಚ್ಚು ಹಣಕ್ಕಿಂತ, ಮಗು ಶಾಲೆಗೆ ಹೋದರೆ ಮಾತ್ರ ಸಿಗುವ ಕಡಿಮೆ ಹಣವೇ ಇರಲಿ ಎಂದು ಅನೇಕ ಹೆತ್ತವರು ಆರಿಸಿಕೊಂಡರು. ಮಗು ಶಾಲೆ ತಪ್ಪಿಸಿದ ದಿನ ಮೊಬೈಲಿಗೆ ಸಂದೇಶ ಕಳಿಸುತ್ತೇವೆಂದಾಗ ಆ ಷರತ್ತಿನ ಮೇಲಿನ ಮೋಹ ಬಹಳಷ್ಟು ಕರಗಿತು. ಹೆತ್ತವರಿಗೆ ಬೇಕಾಗಿದ್ದದ್ದು ಮಕ್ಕಳ ಮೇಲಿನ ಒಂದು ಕಣ್ಣು. ಶಾಲೆಗೆ ಹೋದನೋ ಇಲ್ಲವೋ ಎಂಬುದನ್ನು ಸಂದೇಶ ಹೇಳಿಬಿಡುತ್ತದೆ. ಆದರೆ "ರೂ. 340 ಪಾವತಿಯಾಗಿದೆ" ಎಂಬ ಸಂದೇಶ ಏನು ಹೇಳುತ್ತದೆ? ಮಾಟುಂಗಾದ ಯಾವುದೋ ತಿಂಡಿಯಂಗಡಿಯ ಹೆಸರು ಕಂಡ ತಾಯಿಗೆ ಮಗ ಮನೆಯ ಡಬ್ಬಿ ಬಿಟ್ಟು ದೋಸೆ ತಿಂದನೆಂದು ತೋರುತ್ತದೆ. ಕೆಲಸ ಕಳೆದುಕೊಂಡ ಗೆಳೆಯನನ್ನು ಕೂರಿಸಿಕೊಂಡು ಮಾತನಾಡಲು ಮುಂಬಯಿಯಲ್ಲಿ ಅರ್ಧ ಗಂಟೆಯ ಜಾಗ ಬೇಕಾದರೆ ಎರಡು ದೋಸೆ ಹೇಳಲೇಬೇಕು ಎಂಬುದು ಆ ಸಂದೇಶದಲ್ಲಿ ಇರುವುದಿಲ್ಲ. ಅಂಚೆಯಣ್ಣನ ಕೂಪನ್ನಿನ ಎರಡು ಸಾಲಿನಲ್ಲಿ ಕಾರಣವಾದರೂ ಇರುತ್ತಿತ್ತು.

ಇನ್ನು ಇದರ ಮಗ್ಗುಲೊಂದನ್ನು ಆ ಚೌತಿಯ ಚೀಟಿಗಳ ಮೂಲಕವೇ ಮಕ್ಕಳು ತೋರಿಸಿಕೊಟ್ಟರು. ತಾಳೆ ನೋಡಿದ ಸಂಜೆ ಅವರು, "ಈಗ ನಾವು ನಿಮ್ಮ ಬಗ್ಗೆ ಹೇಳುತ್ತೇವೆ" ಎಂದು ಹಟ ಹಿಡಿದರು. ದೀಪಾವಳಿಯ ಬೋನಸ್ಸನ್ನು ಯಾರು ಏನು ಮಾಡುತ್ತಾರೆಂದು ಬರೆದರು: ಅಪ್ಪ ಊರಿನ ಮನೆಯ ಹಂಚು ಬದಲಾಯಿಸುತ್ತಾರೆ, ಅಮ್ಮ ಮೊದಲು ಬೇಡವೆಂದು ಹೇಳಿ ಆಮೇಲೆ ಹಿಂದ್‌ಮಾತಾದಿಂದ ಸೀರೆ ತರುತ್ತಾಳೆ ಮತ್ತು ಬೆಲೆಯನ್ನು ಮುನ್ನೂರು ರೂಪಾಯಿ ಕಡಿಮೆ ಹೇಳುತ್ತಾಳೆ, ಚಿಕ್ಕಪ್ಪ ಏನೂ ಮಾಡದೆ ಎಲ್ಲರಿಗೂ ಸಲಹೆ ಕೊಡುತ್ತಾರೆ. ದೀಪಾವಳಿ ಮುಗಿದ ಮೇಲೆ ನೋಡಿದರೆ ಮುನ್ನೂರು ರೂಪಾಯಿಯ ತನಕ ಎಲ್ಲವೂ ನಿಜ. ಇದರಲ್ಲಿ ಪವಾಡವೇನಿಲ್ಲ. ಕೇಳಬೇಕಾದವರು ಕೊಡುವವರನ್ನು ಓದಲೇಬೇಕು. ಅಪ್ಪನ ಮುಖ ನೋಡಿ ಇಂದು ಪ್ರವಾಸದ ಚೀಟಿಗೆ ಸಹಿ ಸಿಗುತ್ತದೋ ಇಲ್ಲವೋ ಎಂದು ತಿಳಿಯಲು ಮಕ್ಕಳು ವರ್ಷಗಟ್ಟಲೆ ತಾಲೀಮು ಮಾಡಿರುತ್ತಾರೆ. ಅಪ್ಪನಿಗೆ ಅಂಥ ತಾಲೀಮಿನ ಅಗತ್ಯವೇ ಬಿದ್ದಿರುವುದಿಲ್ಲ.

ಅಗತ್ಯ ಬಿದ್ದಾಗ ಹೆತ್ತವರೂ ಕಲಿಯುತ್ತಾರೆ. ನಮ್ಮ ಕಟ್ಟಡದಲ್ಲಿ ಖಾಸಗಿ ಕಂಪನಿಯಿಂದ ನಿವೃತ್ತರಾದ, ಪಿಂಚಣಿಯಿಲ್ಲದ ಹಿರಿಯರೊಬ್ಬರಿದ್ದಾರೆ. ಮಗ ದುಡಿಯುತ್ತಿದ್ದ ಮೊದಲ ವರ್ಷಗಳಲ್ಲಿ ಅವನ ಪ್ರತಿ ಖರ್ಚಿನ ಬಗ್ಗೆಯೂ ಅವರ ಭವಿಷ್ಯವಾಣಿ ತಪ್ಪುತ್ತಿತ್ತು. ಸೆಕೆಂಡ್ ಕ್ಲಾಸಿನ ಪಾಸಿನಲ್ಲೇ ಇರುತ್ತಾನೆಂದರೆ ಅವನು ಎ.ಸಿ. ಲೋಕಲ್ಲಿನ ಪಾಸು ತೆಗೆಸಿದ, ಬಾಡಿಗೆ ಮನೆಗೆ ಹೋಗುತ್ತಾನೆಂದರೆ ಸಾಲ ಮಾಡಿ ಇದೇ ಕಟ್ಟಡದಲ್ಲಿ ಕೊಂಡ. ಈಗ ಮನೆಯ ಮೆಂಟೆನೆನ್ಸಿನಿಂದ ಹಿಡಿದು ಅವರ ಹಲ್ಲಿನ ಚಿಕಿತ್ಸೆಯವರೆಗೆ ಎಲ್ಲವೂ ಮಗನ ಖಾತೆಯಿಂದ. ಸಂಜೆ ಕೆಳಗೆ ಬೆಂಚಿನ ಮೇಲೆ ಕುಳಿತು ಅವರು ನನಗೆ ಲೆಕ್ಕ ಒಪ್ಪಿಸುತ್ತಾರೆ: "ನೋಡಿಯಮ್ಮ, ಐದಕ್ಕೆ ಮನೆಯ ಕಂತು ಹೋಗ್ತದೆ, ಏಳಕ್ಕೆ ಕಾರಿನದ್ದು. ಹತ್ತನೇ ತಾರೀಖಿನವರೆಗೆ ನಾನು ಹಲ್ಲಿನ ಮಾತೇ ತೆಗೆಯುವುದಿಲ್ಲ. ಫ್ರಿಜ್ ಹಾಳಾಗಿ ಎರಡು ತಿಂಗಳಾಯ್ತು, ಈಗ ಬೇಡ ಬೇಡ ಅಂತಾನೆ. ಸೊಸೆ ತವರಿಗೆ ಹೊರಡಲಿ, ಅವಳು ಬರುವಾಗ ಖುಷಿಯಾಗಲಿ ಅಂತ ತಂದೇ ತರ್ತಾನೆ. ಅದೂ ಎರಡು ಬಾಗಿಲಿನದ್ದು, ಬೂದು ಬಣ್ಣದ್ದು." ನವರಾತ್ರಿಯ ವಾರ ಸೊಸೆ ಶಿರಸಿಗೆ ಹೋದಳು, ಗುರುವಾರ ಇಬ್ಬರು ಕೂಲಿಯವರು ಲಿಫ್ಟಿನಲ್ಲಿ ಹಿಡಿಯದ ಎರಡು ಬಾಗಿಲಿನ ಫ್ರಿಜ್ಜನ್ನು ಮೆಟ್ಟಿಲಿನ ಮೇಲೆ ಹೊತ್ತು ತಂದರು. ಬಣ್ಣ ಮಾತ್ರ ಕೆಂಪು.